ಇಂಧನ ತಗ್ಗಿದಾಗ ಹೊರಡದ ಪಿಕಪ್: ದೋಷ ಹುಡುಕುವ ಕ್ರಮ

ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಬಳಸುವ ಡೀಸೆಲ್ ಪಿಕಪ್ ವಾಹನಗಳಲ್ಲಿ ಒಂದು ವಿಚಿತ್ರವಾದ ದೂರು ಆಗಾಗ್ಗೆ ಕಂಡುಬರುತ್ತದೆ. ಟ್ಯಾಂಕು ಅರ್ಧಕ್ಕಿಂತ ಮೇಲಿದ್ದಾಗ ವಾಹನವು ಸುಲಭವಾಗಿ ಚಾಲೂ ಆಗುತ್ತದೆ. ಮಾಪಕದ ಮುಳ್ಳು ಕಾಲು ಭಾಗಕ್ಕಿಂತ ಕೆಳಗಿಳಿದರೆ ಮರುದಿನ ಬೆಳಿಗ್ಗೆ ಎಷ್ಟು ಪ್ರಯತ್ನಿಸಿದರೂ ಹೊರಡುವುದಿಲ್ಲ. ಹತ್ತು ಲೀಟರ್ ಡೀಸೆಲ್ ಸುರಿದು ಕೈಪಂಪು ಒತ್ತಿದರೆ ಸರಿಹೋಗುತ್ತದೆ. ಡೀಸೆಲ್ ಕಡಿಮೆಯಿತ್ತೆಂದು ಚಾಲಕ ಹೇಳುತ್ತಾನೆ, ಮಾಲೀಕ ಒಪ್ಪುತ್ತಾನೆ, ದೋಷ ಇದ್ದಲ್ಲಿಯೇ ಉಳಿಯುತ್ತದೆ. 45 ಲೀಟರಿನ ಟ್ಯಾಂಕಿನಲ್ಲಿ ಕಾಲು ಭಾಗವೆಂದರೆ ಸುಮಾರು 11 ಲೀಟರು. ಇಂಜಿನ್ ಚಾಲೂ ಆಗಲು ಅದರಲ್ಲಿ ನೂರನೆಯ ಒಂದು ಪಾಲೂ ಬೇಕಿಲ್ಲ.

ಆದುದರಿಂದ ಮೊದಲು ನೋಡಬೇಕಾದದ್ದು ವಾಹನವನ್ನಲ್ಲ, ಬಂಕಿನ ರಸೀದಿಯನ್ನು. ಮುಳ್ಳು ಕಾಲು ಭಾಗ ತೋರಿಸುವಾಗ ಟ್ಯಾಂಕು ಪೂರ್ತಿ ತುಂಬಿಸಿದರೆ 34 ಲೀಟರು ಹಿಡಿಯಬೇಕು. 42 ಅಥವಾ 43 ಲೀಟರು ಹಿಡಿದರೆ ಮಾಪಕವೇ ಸುಳ್ಳು ಹೇಳುತ್ತಿದೆ. ಟ್ಯಾಂಕಿನೊಳಗಿನ ತೇಲುಬುರುಡೆಯ ತೋಳು ಬಾಗಿರಬಹುದು, ಇಲ್ಲವೇ ಅದರ ವಿದ್ಯುತ್ ಸಂಪರ್ಕ ಸವೆದಿರಬಹುದು. 34 ಲೀಟರೇ ಹಿಡಿದರೆ ಮಾಪಕ ಸರಿಯಿದೆ, ಕೊಳವೆಯ ಮಾರ್ಗದಲ್ಲಿ ಎಲ್ಲೋ ಗಾಳಿ ಸೇರುತ್ತಿದೆ ಎಂದೇ ತಿಳಿಯಬೇಕು.

ಗಾಳಿ ಸೇರುವ ಬಗೆಯನ್ನು ಸ್ವಲ್ಪ ವಿವರವಾಗಿ ಅರಿಯುವುದು ಒಳ್ಳೆಯದು. ಇಂಜಿನ್ ಬಳಿಯೇ ಪಂಪು ಇರುವ ವಾಹನಗಳಲ್ಲಿ ಡೀಸೆಲ್ ಹೀರಲ್ಪಟ್ಟು ಮೇಲೆ ಬರುತ್ತದೆ. ಹೀರುವ ಮಾರ್ಗದಲ್ಲಿ ರಂಧ್ರವಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದುದರಿಂದಲೇ ನೆಲದ ಮೇಲೆ ಕಲೆ ಕಾಣದೆ ಈ ದೋಷ ತಿಂಗಳುಗಟ್ಟಲೆ ಮರೆಯಾಗಿರುತ್ತದೆ. ಟ್ಯಾಂಕು ತುಂಬಿದ್ದಾಗ ಮೇಲೇರಬೇಕಾದ ಎತ್ತರ ಕಡಿಮೆ, ತಗ್ಗಿದಾಗ ಹೆಚ್ಚು. ರಾತ್ರಿಯೆಲ್ಲ ನಿಂತ ವಾಹನದಲ್ಲಿ, ಸಡಿಲವಾದ ಕ್ಲಿಪ್ಪಿನಿಂದಲೋ ಬಿರಿದ ರಬ್ಬರ್ ಹೋಸಿನಿಂದಲೋ ಗಾಳಿ ನುಸುಳಿ, ಕೊಳವೆಯಲ್ಲಿದ್ದ ಡೀಸೆಲ್ ಮರಳಿ ಟ್ಯಾಂಕಿಗೆ ಇಳಿದುಬಿಡುತ್ತದೆ. ಇನ್ನೂ ಮೋಸದ ಪ್ರಸಂಗವೊಂದಿದೆ: ಟ್ಯಾಂಕಿನೊಳಗಿನ ಹೀರುಕೊಳವೆಯೇ ನಡುವೆ ಸೀಳಿರುವುದು. ಸೀಳು ಡೀಸೆಲಿನಲ್ಲಿ ಮುಳುಗಿರುವವರೆಗೆ ಯಾವ ತೊಂದರೆಯೂ ಇಲ್ಲ; ಮಟ್ಟ ಅದಕ್ಕಿಂತ ಕೆಳಗಿಳಿದೊಡನೆ ಪಂಪು ಗಾಳಿಯನ್ನೇ ಹೀರುತ್ತದೆ. ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ವಾಹನ ಕೈಕೊಡುತ್ತಿದ್ದರೆ ಸಂಶಯ ಇಲ್ಲಿಗೇ ಹೋಗಬೇಕು. ಸಕಲೇಶಪುರ, ಮಡಿಕೇರಿಯಂಥ ಕಡೆ ಇಳಿಜಾರಿನಲ್ಲಿ ನಿಲ್ಲಿಸಿದಾಗ ಉಳಿದ ಡೀಸೆಲ್ ಒಂದು ಮೂಲೆಗೆ ಸರಿದು ಕೊಳವೆಯ ಬಾಯಿ ಬರಿದಾಗುವುದೂ ಉಂಟು. ಸಮತಟ್ಟಿಗೆ ತಂದು ನೋಡಿದರೆ ಅದು ಗೊತ್ತಾಗುತ್ತದೆ.

ಪರೀಕ್ಷೆಗೆ ಇಳಿಯುವ ಮುನ್ನ ಬ್ಯಾಟರಿ ನೋಡಬೇಕು. ಸ್ಟಾರ್ಟರ್ ಬಳಲಿದಂತೆ ತಿರುಗಿದರೆ ಅದು ಇಂಧನದ ಮಾತಲ್ಲ. ಚುರುಕಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಒಂದು ಶುಭ್ರ ಕ್ಯಾನಿನಲ್ಲಿ ಡೀಸೆಲ್ ಇಟ್ಟು, ಟ್ಯಾಂಕಿನಿಂದ ಬರುವ ಹೋಸನ್ನು ಪಂಪಿನ ಬಳಿ ಕಳಚಿ, ಬೇರೊಂದು ಹೋಸಿನಿಂದ ಕ್ಯಾನನ್ನು ನೇರ ಜೋಡಿಸಬೇಕು. ಕೈಪಂಪಿನಿಂದ ಗಾಳಿ ತೆಗೆದ ಮೇಲೆ ವಾಹನ ಚಾಲೂ ಆಗಿ ಸ್ಥಿರವಾಗಿ ಓಡಿದರೆ ದೋಷ ಟ್ಯಾಂಕಿನಲ್ಲಿ ಇಲ್ಲವೇ ಅಲ್ಲಿಂದ ಬರುವ ಕೊಳವೆಯಲ್ಲಿದೆ. ಆಗಲೂ ಮೊಂಡುತನ ಬಿಡದಿದ್ದರೆ ಫಿಲ್ಟರು, ಪಂಪುಗಳ ಕಡೆ ನೋಡಬೇಕು. ಈ ಅರ್ಧ ಗಂಟೆಯ ಪರೀಕ್ಷೆ ಮಾಡದೆ ಪಂಪನ್ನೇ ಬದಲಿಸಲು ಒಪ್ಪುವುದು ದುಬಾರಿ ಊಹೆ. ಹೀರುವ ಮಾರ್ಗದಲ್ಲಿ ಗೇಣುದ್ದದ ಪಾರದರ್ಶಕ ಹೋಸನ್ನು ತಾತ್ಕಾಲಿಕವಾಗಿ ಸೇರಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಸ್ಟಾರ್ಟರನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು, ನಡುವೆ ಒಂದು ನಿಮಿಷ ಬಿಡುವು ಕೊಡಬೇಕು. ಕಾಮನ್ ರೈಲ್ ಇಂಜಿನ್ನುಗಳಲ್ಲಿ ಇಂಜೆಕ್ಟರಿನ ಪೈಪುಗಳನ್ನು ಸಡಿಲಿಸಿ ಗಾಳಿ ತೆಗೆಯುವ ಹಳೆಯ ಪದ್ಧತಿ ಸಲ್ಲದು; ಅಲ್ಲಿನ ಒತ್ತಡ 1,000 ಬಾರ್ ಮೀರುತ್ತದೆ, ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗಬಲ್ಲದು. ಅಂಥ ವಾಹನಗಳ ಅಧಿಕ ಒತ್ತಡದ ಪಂಪಿಗೆ ಸಾಮಾನ್ಯವಾಗಿ ಡೀಸೆಲ್ಲೇ ಕೀಲೆಣ್ಣೆಯಾದ್ದರಿಂದ ಬರಿದಾಗಿ ಓಡಿಸಿದರೆ ಅದು ಸವೆಯುತ್ತದೆ. ಪೆಟ್ರೋಲ್ ವಾಹನಗಳಿಗೆ ಕ್ಯಾನಿನ ಪರೀಕ್ಷೆ ಬೇಡವೇ ಬೇಡ, ಬೆಂಕಿಯ ಭಯವಿದೆ.

ದೋಷ ಸಿಗುವವರೆಗೆ ಟ್ಯಾಂಕಿನಲ್ಲಿ 15 ಲೀಟರು ಹೆಚ್ಚಾಗಿ ಉಳಿಸಿಕೊಳ್ಳುವುದು ಬಂಡವಾಳ ಕಟ್ಟಿಹಾಕಿದಂತೆ ಎಂದು ಕೆಲವರು ಹಿಂಜರಿಯುತ್ತಾರೆ. ಲೀಟರಿಗೆ 90 ರೂ. ಎಂದು ಹಿಡಿದರೆ ಅದು 1,350 ರೂ.; ಶೇ. 12ರ ಬಡ್ಡಿಯಂತೆ ವರ್ಷಕ್ಕೆ 162 ರೂ. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಒಂದು ದಿನ ತಡವಾಗಿ ತಲುಪಿದರೆ ಆಗುವ ನಷ್ಟವನ್ನು ಇದರೊಡನೆ ಹೋಲಿಸಿ ನೋಡಬಹುದು.

ರಿಪೇರಿಯಾದ ಮೇಲೆ ಟ್ಯಾಂಕು ತುಂಬಿಸಿ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಮೊದಲು ಕೈಕೊಡುತ್ತಿದ್ದ ಮಟ್ಟಕ್ಕಿಂತ ತುಸು ಕೆಳಗೆ ಇಳಿಸಿ, ಸರಕಿಲ್ಲದ ದಿನ, ಸಮತಟ್ಟಾದ ಅಂಗಳದಲ್ಲಿ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಕೈಪಂಪು ಮುಟ್ಟದೆ ಚಾಲೂ ಮಾಡಬೇಕು. ಮೂರು ದಿನ ಹೀಗೆ ಹೊರಟರೆ ಮೆಕ್ಯಾನಿಕ್ಕಿನ ಬಿಲ್ಲಿಗೆ ಹಣ ಕೊಡಬಹುದು.