ಹರಳೆಣ್ಣೆಯ ಹೊಗೆ

ಎಂಜಿನ್ ಮೊದಲ ಬಾರಿ ಹತ್ತಿಕೊಂಡಾಗ ಗ್ಯಾರೇಜಿನ ಬಾಗಿಲ ಬಳಿ ನೀಲಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ತಾಗಿದ ಕೂಡಲೇ ಅಜ್ಜಿ ನೆನಪಾದಳು. ನರಕ ಚತುರ್ದಶಿಯ ಬೆಳಗಿನ ಜಾವ ಮಣೆಯ ಮೇಲೆ ಕೂರಿಸಿ, ಬೆಚ್ಚಗಿನ ಹರಳೆಣ್ಣೆಯನ್ನು ನೆತ್ತಿಗೆ ತಟ್ಟುತ್ತಿದ್ದವಳು ಅವಳು. ಅಮೆರಿಕದ ಡೆನ್ವರ್ ಅಂಚಿನ ಆ ಗ್ಯಾರೇಜಿನಲ್ಲಿ ಆರು ವಾರಗಳ ಸಂಜೆಗಳನ್ನು ಕೊಟ್ಟು ನಾನು ಜೋಡಿಸಿದ್ದ ರೇಡಿಯೊ ನಿಯಂತ್ರಿತ ಟ್ರಕ್ಕಿನ ಇಂಧನದಲ್ಲಿ ನಿಜಕ್ಕೂ ಹರಳೆಣ್ಣೆ ಇತ್ತು.

ಈ ಇಂಧನವನ್ನು ನೈಟ್ರೊ ಎಂದು ಕರೆದರೂ ಅದರಲ್ಲಿ ಹೆಚ್ಚಿರುವುದು ಮೆಥನಾಲ್. ನಾನು ಕೊಂಡ ಡಬ್ಬಿಯಲ್ಲಿ ಶೇ. 20 ನೈಟ್ರೊಮೀಥೇನ್, ಶೇ. 12 ಎಣ್ಣೆ, ಉಳಿದದ್ದೆಲ್ಲ ಮೆಥನಾಲ್. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ನೈಟ್ರೊಮೀಥೇನ್ ತನ್ನ ಅಣುವಿನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅದಕ್ಕೆ 1.7 ಕಿಲೊ ಸಾಕು. ಅಂದರೆ ಅಷ್ಟೇ ಗಾಳಿಯಲ್ಲಿ ಎಷ್ಟೋ ಪಾಲು ಹೆಚ್ಚು ಇಂಧನ ಉರಿಸಬಹುದು. 3.5 ಸಿಸಿಯ ಪುಟ್ಟ ಎಂಜಿನ್ ನಿಮಿಷಕ್ಕೆ 30 ಸಾವಿರ ಸುತ್ತು ತಿರುಗುವುದರ ಹಿಂದೆ ಇದರ ಪಾಲೂ ಇದೆ. ಆ ವೇಗದಲ್ಲಿ ಕಾವು ಏರಿ ಬೇರೆ ಎಣ್ಣೆಗಳು ಸೋತಾಗಲೂ ಲೋಹಕ್ಕೆ ಅಂಟಿಕೊಂಡೇ ಇರುವುದು ಹರಳೆಣ್ಣೆ. ಜಗತ್ತಿನ ಹರಳು ಬೀಜದ ಬಹುಪಾಲು ಬೆಳೆಯುವುದು ನಮ್ಮ ದೇಶದಲ್ಲಿ, ಅದರಲ್ಲೂ ಗುಜರಾತಿನಲ್ಲಿ.

ಟು ಸ್ಟ್ರೋಕ್ ಎಂಜಿನ್ ನನಗೆ ಹೊಸದಾಗಿರಲಿಲ್ಲ. ಅಪ್ಪನ ಬಳಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇತ್ತು. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸುವುದನ್ನು ನೋಡುತ್ತಲೇ ಬೆಳೆದವನು ನಾನು. ಫೋನಿನಲ್ಲಿ ಎಂಜಿನ್ ವಿಷಯ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, “ಸ್ಪಾರ್ಕೇ ಇಲ್ದೆ ಅದು ಹೆಂಗೋ ಹತ್ಕೊಳುತ್ತೆ?” ಸರಿಯಾದ ಪ್ರಶ್ನೆ. ಇದರಲ್ಲಿರುವುದು ಗ್ಲೋ ಪ್ಲಗ್, ಅಂದರೆ ಪ್ಲಾಟಿನಮ್ ಬೆರೆತ ತಂತಿಯ ಒಂದು ಸಣ್ಣ ಸುರುಳಿ. ಸ್ಟಾರ್ಟ್ ಮಾಡುವಾಗ ಮಾತ್ರ ಒಂದೂವರೆ ವೋಲ್ಟ್ ಬ್ಯಾಟರಿ ಹಿಡಿದು ಸುರುಳಿಯನ್ನು ಕೆಂಪಗೆ ಕಾಯಿಸಬೇಕು. ಆಮೇಲೆ ಬ್ಯಾಟರಿ ತೆಗೆದರೂ ದಹನದ ಕಾವು ಮತ್ತು ಪ್ಲಾಟಿನಮ್ಮಿನ ಮೇಲೆ ಮೆಥನಾಲ್ ನಡೆಸುವ ಕ್ರಿಯೆ ಎರಡೂ ಸೇರಿ ತಂತಿಯನ್ನು ನಿಗಿನಿಗಿ ಎನ್ನುವಂತೆ ಇಡುತ್ತವೆ. ಅಮೆರಿಕದ ರೇ ಆರ್ಡನ್ 1947ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ವಿವರಣೆ ಕೇಳಿದ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಏರ್ ಫಿಲ್ಟರ್ ಹೆಂಗಿದೆ?” ಎಂದರು. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ನೈಟ್ರೊ ಮಾನ್‌ಸ್ಟರ್ ಟ್ರಕ್‌ಗಳನ್ನು ಮನೆಮಾತಾಗಿಸಿದ್ದು 1999ರಲ್ಲಿ ಬಂದ ಟ್ರ್ಯಾಕ್ಸಸ್ ಕಂಪನಿಯ ಟಿ-ಮ್ಯಾಕ್ಸ್, ಆಮೇಲೆ 2002ರ ಎಚ್‌ಪಿಐ ಸ್ಯಾವೇಜ್. ಹೆಚ್ಚಿನವರು ಕೊಳ್ಳುವುದು ಜೋಡಿಸಿಟ್ಟ ಗಾಡಿಯನ್ನೇ. ನಾನು ಬೇಕೆಂದೇ ಕಿಟ್ ಆರಿಸಿಕೊಂಡೆ. ಪೆಟ್ಟಿಗೆ ಬಿಚ್ಚಿದರೆ ಅಕ್ಷರ ಬರೆದ ಪ್ಲಾಸ್ಟಿಕ್ ಚೀಲಗಳು, ಅವುಗಳ ತುಂಬ ಮಿಲಿಮೀಟರ್ ಲೆಕ್ಕದ ಸ್ಕ್ರೂ, ಬೇರಿಂಗ್, ಗೇರು. ಇವನ್ನೆಲ್ಲ ಒಂದೊಂದಾಗಿ ಕೂರಿಸಿದವನಿಗೆ ಮುಂದೆ ಗಾಡಿ ಎಲ್ಲಿ ಕಿರುಗುಟ್ಟಿದರೂ ಯಾವ ಭಾಗ ಬಿಚ್ಚಬೇಕೆಂದು ಗೊತ್ತಿರುತ್ತದೆ. ಜೋಡಿಸಿದ ಗಾಡಿ ಕೊಂಡವರಿಗೆ ಈ ತಿಳಿವಳಿಕೆ ಬರಲು ವರ್ಷ ಹಿಡಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಷ್ಟವೆಂದು ಹೆದರಿದ್ದ ಕೆಲಸಗಳೆಲ್ಲ ಸಲೀಸಾಗಿ ಮುಗಿದವು. ಡಿಫರೆನ್ಷಿಯಲ್‌ಗೆ ಜೇನಿನಂಥ ಸಿಲಿಕೋನ್ ಎಣ್ಣೆ ತುಂಬಿ ಮುಚ್ಚಿದೆ. ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ಎಣ್ಣೆ ಹಾಕಿ ರಾತ್ರಿಯಿಡೀ ನಿಲ್ಲಿಸಿದೆ. ಎಡವಿದ್ದು ನಾಲ್ಕು ಸ್ಕ್ರೂಗಳಲ್ಲಿ. ಲೋಹಕ್ಕೆ ಲೋಹ ಸೇರುವಲ್ಲೆಲ್ಲ ತ್ರೆಡ್‌ಲಾಕ್ ಅಂಟು ಹಾಕಬೇಕು. ಹಾಕುವ ಮೊದಲು ಕಾರ್ಖಾನೆಯಿಂದಲೇ ಬಂದ ಎಣ್ಣೆಯ ಪಸೆಯನ್ನು ಸ್ಪಿರಿಟ್‌ನಿಂದ ಒರೆಸಬೇಕು. ಎಂಜಿನ್ ಕೂರುವ ನಾಲ್ಕು ಸ್ಕ್ರೂಗಳನ್ನು ನಾನು ಒರೆಸಿರಲಿಲ್ಲ, ಅಂಟು ಹಿಡಿಯಲಿಲ್ಲ. ಮೂರನೇ ಟ್ಯಾಂಕ್ ಇಂಧನ ಮುಗಿಯುವಷ್ಟರಲ್ಲಿ ಅದುರಿ ಅದುರಿ ಎಂಜಿನ್ ಕೂದಲೆಳೆಯಷ್ಟು ಜರುಗಿತು, ಪ್ಲಾಸ್ಟಿಕ್ ಗೇರಿನ ಹಲ್ಲು ಅರ್ಧ ಸುತ್ತು ಸವೆದುಹೋಯಿತು. ಗೇರುಗಳ ನಡುವೆ ಒಂದು ಕಾಗದದ ಚೂರಿನಷ್ಟು ಮಾತ್ರ ಸಡಿಲ ಇರಬೇಕು. ಅದಕ್ಕೆಂದೇ ಈಗ ಎಂಜಿನ್ ಕೂರಿಸುವಾಗ ಗೇರುಗಳ ನಡುವೆ ಕಾಗದ ಇಟ್ಟು ಒತ್ತಿ, ಸ್ಕ್ರೂ ಬಿಗಿದು, ಕಾಗದವನ್ನು ಉರುಳಿಸಿ ಹೊರತೆಗೆಯುತ್ತೇನೆ.

ಹೊಸ ಎಂಜಿನ್‌ನ ಸ್ವಭಾವ ಬೇರೆಯೇ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಸ್ಲೀವ್ ಕ್ರೋಮ್ ಹಾಕಿದ ಹಿತ್ತಾಳೆ. ಸ್ಲೀವ್ ಮೇಲ್ತುದಿಯಲ್ಲಿ ಕೊಂಚ ಕಿರಿದು. ತಣ್ಣಗಿದ್ದಾಗ ಪಿಸ್ಟನ್ ಅಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಕಾದಾಗ ಹಿತ್ತಾಳೆ ಹೆಚ್ಚು ಹಿಗ್ಗಿ ಎರಡೂ ಸರಿಹೊಂದುತ್ತವೆ. ಡೆನ್ವರಿನ ಚಳಿಗೆ ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಜಗ್ಗುತ್ತಲೇ ಇರಲಿಲ್ಲ. ಹೇರ್ ಡ್ರೈಯರ್‌ನಿಂದ ಹತ್ತು ನಿಮಿಷ ಕಾಯಿಸಿದ ಮೇಲೆ ಎರಡನೇ ಎಳೆತಕ್ಕೇ ಹತ್ತಿತು. ಮೊದಲ ಐದು ಟ್ಯಾಂಕ್ ಇಂಧನವನ್ನು ಹೆಚ್ಚಿಗೆ ಹರಿಸಿ, ಹೊಗೆ ಕಕ್ಕಿಸುತ್ತ, ಆಗಾಗ ನಿಲ್ಲಿಸಿ ತಣಿಸುತ್ತ ಓಡಿಸಬೇಕು. ನಿಲ್ಲಿಸಿದಾಗ ಪಿಸ್ಟನ್ ಕೆಳತುದಿಯಲ್ಲಿರಬೇಕು, ಮೇಲಿದ್ದರೆ ತಣಿಯುವಾಗ ಹಿಡಿದುಕೊಳ್ಳುತ್ತದೆ. ಇಲ್ಲಿ ಅವಸರ ಮಾಡದ್ದು ನಾನು ಮಾಡಿದ ಒಳ್ಳೆಯ ಕೆಲಸ.

ಒಮ್ಮೆ ಮೈದಾನದಲ್ಲಿ ರಿಸೀವರಿನ ಬ್ಯಾಟರಿ ಬತ್ತಿ, ಪೂರ್ತಿ ವೇಗದಲ್ಲಿದ್ದ ಟ್ರಕ್ ಕೈತಪ್ಪಿ ಓಡಿತು. ಸುಮಾರು ಐದು ಕಿಲೊ ತೂಕದ ಗಾಡಿ ಪಾರ್ಕಿಂಗ್ ಜಾಗದ ಕಲ್ಲಿಗೆ ಬಡಿದು ನಿಂತಿತು. ಅಲ್ಲಿ ಮಕ್ಕಳಿರಲಿಲ್ಲ. ಸಿಗ್ನಲ್ ತಪ್ಪಿದರೆ ತಾನಾಗಿ ಬ್ರೇಕ್ ಹಿಡಿಯುವ ಫೇಲ್‌ಸೇಫ್ ನನ್ನ ರೇಡಿಯೊದಲ್ಲಿತ್ತು. ಆದರೆ ಕರೆಂಟೇ ಹೋದರೆ ಅದೂ ಕೆಲಸ ಮಾಡದು. ಆಗ ಕಾಪಾಡುವುದು ಕಾರ್ಬ್ಯುರೇಟರನ್ನು ಎಳೆದು ಮುಚ್ಚುವ ಒಂದು ಪುಟ್ಟ ಸ್ಪ್ರಿಂಗ್ ಮಾತ್ರ. ಕೆಲವೇ ರೂಪಾಯಿ ಬೆಲೆಯ ಆ ಸ್ಪ್ರಿಂಗನ್ನು ನಾನು ಹಾಕಿದ್ದು ಅಂದು ರಾತ್ರಿ.

ಡೆನ್ವರ್ ಸಮುದ್ರಮಟ್ಟದಿಂದ 1,609 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 17 ಕಡಿಮೆ. ರಜೆಯಲ್ಲಿ ಟ್ರಕ್ಕನ್ನು ಕಾರಿನಲ್ಲಿ ಹಾಕಿಕೊಂಡು ಹ್ಯೂಸ್ಟನ್‌ಗೆ ಹೋದಾಗ ಇಂಧನದ ಹರಿವು ಹೊಂದಿಸುವ ನೀಡಲ್ ಸ್ಕ್ರೂ ಮುಟ್ಟಲಿಲ್ಲ. ಅಲ್ಲಿನ ದಟ್ಟ ಗಾಳಿಗೆ ಡೆನ್ವರಿನಲ್ಲಿ ಹೊಂದಿಸಿದ್ದ ಇಂಧನ ಸಾಲಲಿಲ್ಲ. ಎಂಜಿನ್ ಮೊದಲಿಗಿಂತ ಚುರುಕಾಗಿ ಕಿರುಚಿತು, ಹೊಗೆ ಕಾಣೆಯಾಯಿತು. 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕಾದ ಕಾವು ಥರ್ಮಾಮೀಟರಿನಲ್ಲಿ 150 ದಾಟಿತ್ತು. ಪ್ಲಗ್ಗಿನ ತಂತಿ ಸುಟ್ಟಿತು, ಪಿಸ್ಟನ್ ಉಳಿಯಿತು. ಬೆಂಗಳೂರಿನಲ್ಲಿ ಹೊಂದಿಸಿದ ಎಂಜಿನನ್ನು ಮಂಗಳೂರಿಗೆ ಒಯ್ದರೂ ಇದೇ ತೊಂದರೆ ಬಂದೀತು. ನೀಲಿ ಹೊಗೆ ಕಾಣದಿದ್ದರೆ ಗಾಡಿ ನಿಲ್ಲಿಸಿ.

ಆ ಬೇಸಿಗೆಯಲ್ಲಿ ಎಂಜಿನ್ ಸತ್ತದ್ದು ಬೇರೆ ಕಾರಣಕ್ಕೆ. ಏರ್ ಫಿಲ್ಟರಿನ ಸ್ಪಂಜನ್ನು ತೊಳೆದು ಒಣಗಿಸಿ, ಚೊಕ್ಕಟವಾಗಿದೆ ಎಂದುಕೊಂಡು ಹಾಗೆಯೇ ಹಾಕಿದ್ದೆ. ಸ್ಪಂಜಿಗೆ ಅಂಟೆಣ್ಣೆ ಹಚ್ಚಿದರೆ ಮಾತ್ರ ಧೂಳು ಅದರಲ್ಲಿ ನಿಲ್ಲುತ್ತದೆ. ಒಣ ಸ್ಪಂಜಿನ ತೂತುಗಳ ಮೂಲಕ ನುಣ್ಣನೆಯ ಮಣ್ಣು ನೇರ ಒಳಗೆ ಹೋಗಿ ಎಣ್ಣೆಯೊಡನೆ ಕಲಸಿಕೊಂಡು ಉಜ್ಜುಗಾಗದವಾಗುತ್ತದೆ. ಎರಡು ವಾರಾಂತ್ಯ ಸಾಕಾಯಿತು. ತಣ್ಣಗಿದ್ದಾಗ ಹತ್ತುತ್ತಿದ್ದ ಎಂಜಿನ್ ಕಾದ ಕೂಡಲೇ ನಿಲ್ಲತೊಡಗಿತು. ಬಿಚ್ಚಿ ನೋಡಿದರೆ ಸ್ಲೀವಿನ ಉದ್ದಕ್ಕೂ ಗೀರುಗಳು. ಪಿಸ್ಟನ್ನಿನ ಬಿಗಿ ಪೂರ್ತಿ ಹೋಗಿತ್ತು. ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ, “ನಮ್ ಗಾಡೀಲೂ ಮೊದ್ಲು ನೋಡ್ತಿದ್ದದ್ದು ಅದನ್ನೇ ಕಣೋ” ಎಂದಷ್ಟೇ ಅಂದರು.

ಎರಡನೇ ಎಂಜಿನ್ ಈಗ ಐದನೇ ಗ್ಯಾಲನ್ ಇಂಧನದಲ್ಲಿದೆ, ಬಿಗಿ ಇನ್ನೂ ಇದೆ. ಕಿಟ್ ಕೈಗೆತ್ತಿಕೊಳ್ಳಬೇಕೆಂದಿರುವವರಿಗೆ ಎರಡೇ ಮಾತು. ಕಳ್ಳಬಟ್ಟಿ ದುರಂತಗಳಲ್ಲಿ ಜನರ ಕಣ್ಣು, ಜೀವ ತೆಗೆದದ್ದು ಇದೇ ಮೆಥನಾಲ್. ಹಗಲು ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೂ ಕಷ್ಟ. ಆದ್ದರಿಂದ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಫಿಲ್ಟರ್ ಎಣ್ಣೆಯ ಬಾಟಲಿಯನ್ನು ಇಂಧನ ಕೊಳ್ಳುವ ದಿನವೇ ಕೊಳ್ಳಿ.