ಚರ್ಮದ ಅರ್ಬುದವೂ ಕಿರಣಚಿಕಿತ್ಸೆಯೂ

ಚರ್ಮದ ರೋಗವು ಕಣ್ಣಿಗೆ ಕಾಣುವಂಥದು. ಆದರೂ ನಮ್ಮ ಹೆಣ್ಣುಮಕ್ಕಳು ನಿರಿಗೆಯ ಮರೆಯಲ್ಲಿರುವ ಹುಣ್ಣನ್ನು ವೈದ್ಯರಿಗೆ ತೋರಿಸಲು ನಾಚಿ, ಕಾಲಹರಣ ಮಾಡುವರು. ಆದಕಾರಣ ತಾಯಂದಿರೂ ಹಳೆಯ ವಿದ್ಯಾರ್ಥಿನಿಯರೂ ಈ ವಿಷಯವನ್ನು ಅರಿತಿರುವದು ಅವಶ್ಯವು.

ಚರ್ಮದ ಅರ್ಬುದ, ಅಂದರೆ ಕ್ಯಾನ್ಸರು, ಹಲವು ಬಗೆಯದು. ಬಣ್ಣದ ಕೋಶಗಳಲ್ಲಿ ಹುಟ್ಟುವ ಮೆಲನೋಮವು ಅತ್ಯುಗ್ರವಾದದ್ದು. ಅದರ ಮಾತು ಬೇರೆ. ಉಳಿದವುಗಳಲ್ಲಿ ಎರಡು ಮುಖ್ಯವಾದವು. ಮೇಲ್ಪದರದ ತಳಕೋಶಗಳಲ್ಲಿ ಹುಟ್ಟುವದು ಮೆಲ್ಲಗೆ ಬೆಳೆಯುವದು; ದೂರದ ಅಂಗಗಳಿಗೆ ಹಬ್ಬುವದು ಬಹು ವಿರಳ. ಚಪ್ಪಟೆ ಕೋಶಗಳಲ್ಲಿ ಹುಟ್ಟುವದನ್ನು ಅಲಕ್ಷಿಸಿದರೆ ಕೊರಳು, ಕಂಕುಳು, ತೊಡೆಸಂದಿಗಳ ಗ್ರಂಥಿಗಳಿಗೆ ಹಬ್ಬಬಹುದು.

ಬಿಳಿಯ ಮೈಯವರಲ್ಲಿ ಬಿಸಿಲೇ ಇದಕ್ಕೆ ಮುಖ್ಯ ಕಾರಣ. ನಮ್ಮವರಲ್ಲಿ ಸುಟ್ಟ ಹಳೆಯ ಕಲೆ, ಮಾಯದ ಹುಣ್ಣು, ಬಹುಕಾಲದ ತಿಕ್ಕಾಟ ಇವೂ ಕಾರಣವಾಗುವವು. ಧೋತರವನ್ನು ಬಿಗಿದುಟ್ಟ ಸೊಂಟದಲ್ಲಿ ಅರ್ಬುದ ಹುಟ್ಟುವದನ್ನು ಖಾನೋಲ್ಕರ ಮತ್ತು ಸೂರ್ಯಾಬಾಯಿ ಎಂಬ ಸಂಶೋಧಕರು 1945ರಲ್ಲಿ ವರ್ಣಿಸಿದರು. ಒಳಲಂಗದ ಲಾಡಿಯ ಬಿಗಿತದಿಂದ ಇಬ್ಬರು ಮುದುಕಿಯರಿಗೆ ಇದೇ ರೋಗವುಂಟಾದುದನ್ನು ಭಾರತದ ವೈದ್ಯರು 2024ರಲ್ಲಿ ಪ್ರಕಟಿಸಿದರು. ಲಾಡಿಯನ್ನು ಸಡಿಲಾಗಿ ಕಟ್ಟುವದೂ ಒಂದು ಆರೋಗ್ಯಪಾಠವೇ ಸರಿ.

ಈ ರೋಗಕ್ಕೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ಮೊದಲನೆಯ ಉಪಾಯ. ಆದರೆ ರೋಗಿಯು ಅತಿವೃದ್ಧನಾಗಿ ಅಶಕ್ತನಾಗಿದ್ದರೆ, ಇಲ್ಲವೆ ಮೂಗು, ಕಿವಿ, ತುಟಿಗಳನ್ನು ಕೊಯ್ದರೆ ಮುಖವು ವಿಕಾರವಾಗುವಂತಿದ್ದರೆ ಕಿರಣಚಿಕಿತ್ಸೆಯು ಉಪಯುಕ್ತವು. ಶಸ್ತ್ರಕ್ರಿಯೆಯ ತರುವಾಯ ರೋಗಶೇಷದ ಸಂಶಯವಿದ್ದಲ್ಲಿಯೂ ಅದನ್ನು ಕೊಡುವರು.

ರಾಂಟ್‌ಜೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ನಾಲ್ಕೇ ವರುಷಗಳಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಒಬ್ಬ ಹೆಂಗಸಿನ ಮೂಗಿನ ಅರ್ಬುದಕ್ಕೆ ಆ ಕಿರಣಗಳಿಂದ ಚಿಕಿತ್ಸೆ ನಡೆಯಿತು. ಕಿರಣವು ಕೋಶದೊಳಗಿನ ವಂಶತಂತುಗಳನ್ನು ತುಂಡರಿಸುವದು. ಆರೋಗ್ಯವುಳ್ಳ ಕೋಶವು ಅವನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುವದು. ರೋಗಕೋಶಕ್ಕೆ ಆ ಶಕ್ತಿ ಕಡಿಮೆ. ಅದಕ್ಕಾಗಿಯೇ ಒಮ್ಮೆಗೇ ಕೊಡದೆ, ವಾರಕ್ಕೆ ಐದು ದಿನಗಳಂತೆ ಹಲವು ವಾರ ಸ್ವಲ್ಪಸ್ವಲ್ಪವಾಗಿ ಕೊಡುವದು ವಾಡಿಕೆ. ನಡುವೆ ಬಿಟ್ಟರೆ ರೋಗಕ್ಕೆ ಅವಕಾಶ ಕೊಟ್ಟಂತೆ.

ಇದನ್ನು ‘ಕರೆಂಟು ಕೊಡುವದು’ ಎಂದು ಕೇಳಿ ಹಲವರು ಅಂಜುವರು. ಅಂಜಿಕೆಗೆ ಕಾರಣವಿಲ್ಲ. ಕೆಲವು ನಿಮಿಷಗಳ ಕೆಲಸ. ಆ ಹೊತ್ತಿನಲ್ಲಿ ನೋವಿಲ್ಲ. ಹೊರಯಂತ್ರದಿಂದ ಕಿರಣ ಪಡೆದವರ ಮೈಯಲ್ಲಿ ಕಿರಣವು ಉಳಿಯದು. ಅವರು ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ರೋಗವೂ ಅಂಟುವಂಥದಲ್ಲ. ಆ ಸ್ಥಳದ ಚರ್ಮವು ಕೆಂಪಾಗಿ ಸುಲಿಯಬಹುದು, ಕೂದಲುದುರಬಹುದು, ಕಲೆ ನಿಲ್ಲಬಹುದು. ಬಹುವರ್ಷಗಳ ಮೇಲೆ ಹೊಸ ಅರ್ಬುದ ಹುಟ್ಟುವ ಸಂಭವವಿರುವದರಿಂದ ಚಿಕ್ಕ ವಯಸ್ಸಿನವರಿಗೆ ಆದಷ್ಟು ಕೊಡುವದಿಲ್ಲ.

ಚಿಕಿತ್ಸೆಗಾಗಿ ದೂರದ ಮುಂಬಯಿಗೇ ಹೋಗಬೇಕೆಂಬುದಿಲ್ಲ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯುಂಟು. ನಮ್ಮ ಹುಬ್ಬಳ್ಳಿ-ಧಾರವಾಡಗಳ ನಡುವಿನ ನವನಗರದಲ್ಲಿಯೂ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆಯುಂಟು.

ತಾಯಂದಿರೇ, ತಿಂಗಳಾದರೂ ಮಾಯದ ಹುಣ್ಣು, ರಕ್ತ ಸೋರುವ ಗಂಟು, ಹಳೆಯ ಕಲೆಯಲ್ಲಿ ಹೊಸ ಬೆಳವಣಿಗೆ ಇವನ್ನು ಕಂಡಕೂಡಲೆ ವೈದ್ಯರಿಗೆ ತೋರಿಸಿರಿ. ನಿಮ್ಮ ಅತ್ತೆಯರನ್ನೂ ಅಜ್ಜಿಯರನ್ನೂ ವಿಚಾರಿಸಿರಿ. ಅವರು ತಾವಾಗಿ ಹೇಳಲಾರರು. ಬೇಗ ತೋರಿಸಿದವರಲ್ಲಿ ಬಹುಮಂದಿ ಪೂರ್ಣ ಗುಣ ಹೊಂದುವರು.