ಹೋಟೆಲ್ ಕೊಡುವ ಗಿಫ್ಟ್ ಕಾರ್ಡ್: ಮೊತ್ತಕ್ಕಿಂತ ಮೊದಲು ತಾರೀಖು ನೋಡಿ

ಅಮೆರಿಕದಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟಿತೆಂದರೆ ಅಲ್ಲಿನ ಕನ್ನಡ ಕುಟುಂಬಗಳೂ ಕಾರಿನ ಡಿಕ್ಕಿ ತುಂಬಿಸಿಕೊಂಡು ಹೊರಡುತ್ತವೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಅವರಿಗೆ ಯೆಲ್ಲೊಸ್ಟೋನ್ ತೋರಿಸಬೇಕು, ಗ್ರ್ಯಾಂಡ್ ಕ್ಯಾನಿಯನ್ ತೋರಿಸಬೇಕು. ಹೋಟೆಲ್ ಕಂಪನಿಗಳ ಇಮೇಲುಗಳೂ ಅದೇ ಹೊತ್ತಿಗೆ ಶುರುವಾಗುತ್ತವೆ: ಎರಡು ಸಲ ತಂಗಿ, 50 ಡಾಲರ್ ಗಿಫ್ಟ್ ಕಾರ್ಡ್ ಪಡೆಯಿರಿ. ಚಾಯ್ಸ್ ಹೋಟೆಲ್ಸ್, ಬೆಸ್ಟ್ ವೆಸ್ಟರ್ನ್‌ನಂಥ ಹೆದ್ದಾರಿ ಬದಿಯ ಹೋಟೆಲ್ ಸಮೂಹಗಳು ಇಂಥ ಕೊಡುಗೆಗಳನ್ನು ಒಂದಲ್ಲ ಒಂದು ರೂಪದಲ್ಲಿ ಕೊಡುತ್ತ ಬಂದಿವೆ. ಇದು ಬರೀ ಜಾಹೀರಾತಿನ ಮಾತಲ್ಲ, ಕಾರ್ಡ್ ನಿಜಕ್ಕೂ ಸಿಗುತ್ತದೆ. ಆದರೆ ನೋಂದಣಿಗೆ ಒಂದು ಗಡುವು, ತಂಗುವುದಕ್ಕೆ ಇನ್ನೊಂದು, ಕಾರ್ಡ್ ಬಳಸುವುದಕ್ಕೆ ಮತ್ತೊಂದು. ಈ ಮೂರರಲ್ಲಿ ಒಂದು ತಪ್ಪಿದರೂ 50 ಡಾಲರ್ ಕೈಗೆ ಬರುವುದಿಲ್ಲ.

ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ಗಿಫ್ಟ್ ಕಾರ್ಡ್ ಕನಿಷ್ಠ 5 ವರ್ಷ ಚಾಲ್ತಿಯಲ್ಲಿರಬೇಕು ಎಂದು 2009ರಲ್ಲಿ ಅಮೆರಿಕ ಕಾನೂನು ಮಾಡಿತು. ಕಂಪನಿಯೇ ಬಹುಮಾನವಾಗಿಯೋ ಪ್ರಚಾರಕ್ಕೋ ಪುಕ್ಕಟೆ ಕೊಡುವ ಕಾರ್ಡಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅದು ಪ್ರಚಾರದ ಕಾರ್ಡ್ ಎಂಬುದನ್ನೂ ಅವಧಿ ಮುಗಿಯುವ ದಿನವನ್ನೂ ಕಾರ್ಡಿನ ಮುಂಭಾಗದಲ್ಲೇ ನಮೂದಿಸಿದರೆ ಸಾಕು, ಅವಧಿಯನ್ನು ಕೆಲವೇ ತಿಂಗಳಿಗೆ ಇಳಿಸಬಹುದು. ನೋಡಲು ಎರಡೂ ಕಾರ್ಡ್ ಒಂದೇ ಥರ ಇರುತ್ತವೆ. ಪುಕ್ಕಟೆ ಬಂದದ್ದನ್ನು ಮುಂದಿನ ವರ್ಷ ಬಳಸೋಣ ಎಂದು ಡ್ರಾಯರಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು.

ಬುಕ್ ಮಾಡುವ ಮೊದಲು

ಮೊದಲು ಹೋಟೆಲ್ ಸಮೂಹದ ಸದಸ್ಯತ್ವ ಪಡೆಯಿರಿ, ಅದಕ್ಕೆ ಖರ್ಚಿಲ್ಲ. ಆಮೇಲೆ ಆ ನಿರ್ದಿಷ್ಟ ಕೊಡುಗೆಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಿ. ಜನ ಹೆಚ್ಚಾಗಿ ಎಡವುವುದು ಇಲ್ಲೇ. ಸದಸ್ಯರಾಗಿದ್ದೇವಲ್ಲ, ತಾನಾಗಿ ಬರುತ್ತದೆ ಎಂದುಕೊಳ್ಳುತ್ತಾರೆ. ಬಹುತೇಕ ಕೊಡುಗೆಗಳಲ್ಲಿ ನೋಂದಣಿಗೆ ಮುಂಚೆ ತಂಗಿದ್ದು ಲೆಕ್ಕಕ್ಕೇ ಬರುವುದಿಲ್ಲ. ನೋಂದಣಿಯ ದೃಢೀಕರಣ ತೆರೆಯ ಮೇಲೆ ಬಂದಾಗ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ, ಮುಂದೆ ಬೇಕಾಗುತ್ತದೆ.

ಬುಕಿಂಗ್ ಹೋಟೆಲಿನ ಸ್ವಂತ ವೆಬ್‌ಸೈಟ್, ಆ್ಯಪ್ ಅಥವಾ ಫೋನ್ ಮೂಲಕವೇ ಆಗಲಿ. ಎಕ್ಸ್‌ಪೀಡಿಯಾ, ಬುಕಿಂಗ್ ಡಾಟ್ ಕಾಮ್, ನಮ್ಮ ಮೇಕ್‌ಮೈಟ್ರಿಪ್‌ಗಳ ಮೂಲಕ ತೆಗೆದುಕೊಂಡ ರೂಮಿಗೆ ಸಾಮಾನ್ಯವಾಗಿ ಸದಸ್ಯರಿಗೆ ಸಿಗುವ ಪಾಯಿಂಟೂ ಇಲ್ಲ, ಕಾರ್ಡೂ ಇಲ್ಲ. ಹಾಗೆಂದು ಕಣ್ಣುಮುಚ್ಚಿ ನೇರ ಬುಕಿಂಗ್‌ಗೆ ಹೋಗಬೇಡಿ. ಹೋಟೆಲಿನ ಸೈಟಿನಲ್ಲಿ ರಾತ್ರಿಗೆ 95 ಡಾಲರ್, ಬೇರೆ ಕಡೆ 80 ಎಂದಿಟ್ಟುಕೊಳ್ಳಿ. ಎರಡು ರಾತ್ರಿಗೆ ನೀವು 30 ಡಾಲರ್ ಹೆಚ್ಚು ತೆತ್ತಿರಿ. 50ರ ಕಾರ್ಡಿನ ನಿಜವಾದ ಲಾಭ 20 ಡಾಲರ್, ಅದೂ ಕಾರ್ಡ್ ಪೂರ್ತಿ ಬಳಸಿದರೆ ಮಾತ್ರ. ನನ್ನನ್ನು ಕೇಳಿದರೆ, ಅಷ್ಟಕ್ಕಾಗಿ ದಾರಿ ಬದಲಿಸಿ ಬೇರೆ ಊರಲ್ಲಿ ಉಳಿಯುವುದು ದಂಡ. ಹೇಗೂ ತಂಗಲೇಬೇಕಾದ ಕಡೆ ಆ ಹೋಟೆಲ್ ಇದ್ದರೆ ಸರಿ.

‘ಸಲ’ ಅಂದರೆ ರಾತ್ರಿಯಲ್ಲ

ಕೊಡುಗೆಯ ಷರತ್ತು ಓದುವಾಗ ‘ರಾತ್ರಿ’ ಎಂದಿದೆಯೋ ‘ಸ್ಟೇ’ ಎಂದಿದೆಯೋ ನೋಡಿ. ಒಂದೇ ಹೋಟೆಲಿನಲ್ಲಿ ಸತತವಾಗಿ ಮೂರು ರಾತ್ರಿ ಉಳಿದರೂ ಅದು ಒಂದೇ ಸ್ಟೇ. ಬೆಳಿಗ್ಗೆ ಚೆಕ್-ಔಟ್ ಮಾಡಿ ಮಧ್ಯಾಹ್ನ ಅಲ್ಲೇ ಮತ್ತೆ ಚೆಕ್-ಇನ್ ಮಾಡುವ ಜಾಣತನ ನಡೆಯುವುದಿಲ್ಲ, ಕಂಪ್ಯೂಟರ್ ಎರಡನ್ನೂ ಕೂಡಿಸಿ ಒಂದು ಮಾಡುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಯೆಲ್ಲೊಸ್ಟೋನ್‌ಗೆ ಹೊರಟವರನ್ನೇ ನೋಡಿ. ಒಂದೇ ದಿನದಲ್ಲಿ ಮುಟ್ಟುವ ದೂರವಲ್ಲವಾದ್ದರಿಂದ ನೆವಾಡಾದ ಎಲ್ಕೋ ಊರಿನಲ್ಲಿ ಒಂದು ರಾತ್ರಿ ಕಳೆಯುವವರಿದ್ದಾರೆ. ಹೋಗುವಾಗ ಎಲ್ಕೋದಲ್ಲಿ ಒಂದು ರಾತ್ರಿ, ಬರುವಾಗ ಅದೇ ಹೋಟೆಲಿನಲ್ಲಿ ಇನ್ನೊಂದು ರಾತ್ರಿ ಇದ್ದರೆ ನಡುವೆ ದಿನಗಳ ಅಂತರವಿರುವುದರಿಂದ ಅದು ಎರಡು ಸ್ಟೇ. ಯೆಲ್ಲೊಸ್ಟೋನ್ ಬಾಗಿಲಲ್ಲೇ ನಾಲ್ಕು ರಾತ್ರಿ ದುಬಾರಿ ರೂಮಿನಲ್ಲಿ ಕಳೆದದ್ದು ಮಾತ್ರ ಒಂದೇ. ಖರ್ಚಿಗೂ ಲೆಕ್ಕಕ್ಕೂ ಸಂಬಂಧವಿಲ್ಲ. ರಾತ್ರಿಗಳನ್ನು ಎಣಿಸುವ ಕೊಡುಗೆಯಾದರೆ ಇದೇ ಪ್ರವಾಸದ ಲೆಕ್ಕ ಉಲ್ಟಾ ಆಗುತ್ತದೆ.

ಎರಡು ರೂಮು ತೆಗೆದರೆ ಎರಡು ಸ್ಟೇ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಸಾಧಾರಣವಾಗಿ ಆಗುವುದಿಲ್ಲ. ಹೆಚ್ಚುವರಿ ರೂಮಿನ ಬಾಡಿಗೆಗೆ ಪಾಯಿಂಟ್ ಸಿಗಬಹುದು, ಸ್ಟೇ ಮಾತ್ರ ಒಂದೇ.

ಕೌಂಟರಿನಲ್ಲಿ

ಚೆಕ್-ಇನ್ ಹೊತ್ತಿಗೆ ನಿಮ್ಮ ಸದಸ್ಯತ್ವದ ನಂಬರ್ ಬುಕಿಂಗ್‌ಗೆ ಜೋಡಣೆಯಾಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಮಗನ ಹೆಸರಲ್ಲಿ ಬುಕಿಂಗ್, ಸೊಸೆಯ ಹೆಸರಲ್ಲಿ ಸದಸ್ಯತ್ವ ಇದ್ದರೆ ಅಲ್ಲೇ ತೊಡಕು. ಹೊರಡುವಾಗ ಬಿಲ್ ಕೇಳಿ ಪಡೆಯಿರಿ. ಅದರಲ್ಲಿ ರೂಮಿನ ಬಾಡಿಗೆ ಒಂದು ಸಾಲು, ತೆರಿಗೆಗಳು ಬೇರೆ ಸಾಲು. ಪಾಯಿಂಟ್ ಲೆಕ್ಕ ಹಿಡಿಯುವುದು ಬಾಡಿಗೆಗೆ, ತೆರಿಗೆಗಲ್ಲ.

ಕಾರ್ಡ್ ಬರಲಿಲ್ಲವೆಂದು ಫ್ರಂಟ್ ಡೆಸ್ಕಿನವರ ಮೇಲೆ ಹರಿಹಾಯ್ದು ಪ್ರಯೋಜನವಿಲ್ಲ. ಹೆದ್ದಾರಿ ಬದಿಯ ಇಂಥ ಹೋಟೆಲುಗಳಲ್ಲಿ ಬೋರ್ಡು ಮಾತ್ರ ದೊಡ್ಡ ಕಂಪನಿಯದು, ಕಟ್ಟಡ ಬೇರೆ ಮಾಲೀಕರದು. ಆ ಮಾಲೀಕರಲ್ಲಿ ಗುಜರಾತಿನ ಪಟೇಲರೇ ಎಷ್ಟೋ ಮಂದಿ. ಕೌಂಟರಿನ ಹಿಂದೆ ಗಣಪತಿ ಫೋಟೊ ಕಂಡರೆ ಅಪ್ಪ ಅಮ್ಮ ಬೆರಗಾಗುವುದುಂಟು. ನೀವು ಎಷ್ಟು ರಾತ್ರಿ ಇದ್ದಿರಿ, ಎಷ್ಟು ಕೊಟ್ಟಿರಿ ಎಂಬುದನ್ನು ಹೋಟೆಲು ಕಂಪನಿಗೆ ಕಳಿಸುತ್ತದೆ ಅಷ್ಟೆ. ಬೋನಸ್ ಹಾಕುವುದು ಕಂಪನಿ. ಕೆಲವು ವಾರ ಕಾದು, ಬಿಲ್ ಮತ್ತು ನೋಂದಣಿಯ ಆ ಸ್ಕ್ರೀನ್‌ಶಾಟ್ ಲಗತ್ತಿಸಿ ಕಂಪನಿಯ ಸದಸ್ಯರ ವಿಭಾಗಕ್ಕೇ ಬರೆಯಿರಿ.

ಪಾಯಿಂಟ್ ಕಾರ್ಡಾಗುವಾಗ

ಕೆಲವು ಕೊಡುಗೆಗಳಲ್ಲಿ ಕಾರ್ಡ್ ತಾನಾಗಿ ಬರುವುದಿಲ್ಲ. ಕಾರ್ಡಿಗೆ ಬೇಕಾದಷ್ಟು ಪಾಯಿಂಟ್ ಖಾತೆಗೆ ಬೀಳುತ್ತದೆ, ಕಾರ್ಡನ್ನು ನಾವೇ ಆರಿಸಿ ತರಿಸಿಕೊಳ್ಳಬೇಕು. ಆ ಪಾಯಿಂಟಿನಲ್ಲಿ ನಿಮ್ಮ ಮಾಮೂಲಿ ಗಳಿಕೆಯೂ ಸೇರಿದೆಯೇ, ಬೋನಸ್ ಅದಕ್ಕಿಂತ ಹೊರತೇ ಎಂದು ಷರತ್ತಿನಲ್ಲಿ ಹುಡುಕಿ. ಸೇರಿಸಿದ್ದರೆ ಜಾಹೀರಾತು ಹೇಳಿದಷ್ಟು ಉದಾರ ಕೊಡುಗೆ ಅದಲ್ಲ.

ಅದೇ ಪಾಯಿಂಟಿಗೆ ಉಚಿತ ರೂಮೂ ಸಿಗುವಂತಿದ್ದರೆ ಒಂದು ಭಾಗಾಕಾರ ಮಾಡಿ. ಹಿಲ್ಟನ್ ಪಾಯಿಂಟನ್ನು ಅಮೆಜಾನ್ ಖರೀದಿಗೆ ಬಳಸಿದರೆ ಸುಮಾರು 500ಕ್ಕೆ 1 ಡಾಲರ್. 40,000 ಪಾಯಿಂಟಿಗೆ ಸಿಗುವುದು 80 ಡಾಲರಿನ ಸಾಮಾನು. ಅಷ್ಟೇ ಪಾಯಿಂಟಿಗೆ 200 ಡಾಲರಿನ ರೂಮು ಸಿಗುತ್ತಿದ್ದರೆ ಗಿಫ್ಟ್ ಕಾರ್ಡಿನ ಗೊಡವೆಯೇ ಬೇಡ. ವರ್ಷಕ್ಕೊಮ್ಮೆಯೂ ಹೋಟೆಲ್ ಮೆಟ್ಟಿಲು ಹತ್ತದವರಿಗೆ ಕಾರ್ಡೇ ವಾಸಿ. ಮ್ಯಾರಿಯಟ್, ಹಿಲ್ಟನ್‌ಗಳಲ್ಲಿ 24 ತಿಂಗಳು ಖಾತೆ ನಿದ್ದೆಹೋದರೆ ಪಾಯಿಂಟ್ ಅಳಿಯುತ್ತದೆ, ಚಾಯ್ಸ್‌ನಲ್ಲಿ 18 ತಿಂಗಳಿಗೇ. ಬೆಸ್ಟ್ ವೆಸ್ಟರ್ನ್ ಪಾಯಿಂಟ್‌ಗೆ ಅವಧಿಯ ಮಿತಿ ಇಲ್ಲ.

ಬಳಸುವಾಗ

ಹೋಟೆಲಿನದೇ ಕಾರ್ಡಾದರೆ ಬಿಲ್ ಕಟ್ಟುವಾಗ ಫ್ರಂಟ್ ಡೆಸ್ಕಿನಲ್ಲಿ ಕೊಡಿ. ಚೆಕ್-ಇನ್ ವೇಳೆ ಠೇವಣಿಗಾಗಿ ಹೇಗೂ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಗಿಫ್ಟ್ ಕಾರ್ಡ್ ಅದಕ್ಕೆ ಬದಲಿಯಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಹೆಸರಿನ ಪ್ರೀಪೇಯ್ಡ್ ಕಾರ್ಡ್ ಬಂದಿದ್ದರೆ ಪೆಟ್ರೋಲ್ ಬಂಕಿನ ಪಂಪಿಗೆ ನೇರವಾಗಿ ತೂರಿಸಬೇಡಿ. ಎಷ್ಟು ಪೆಟ್ರೋಲ್ ಹಾಕಿಸುತ್ತೀರೆಂದು ಪಂಪಿಗೆ ಮೊದಲೇ ಗೊತ್ತಿರುವುದಿಲ್ಲ, ಹಾಗಾಗಿ 100 ಡಾಲರಿಗೂ ಮೇಲೆ ತಡೆಹಿಡಿಯಲು ನೋಡುತ್ತದೆ. 50ರ ಕಾರ್ಡ್ ತಿರಸ್ಕೃತವಾಗುತ್ತದೆ. ಒಳಗೆ ಹೋಗಿ ಕ್ಯಾಷಿಯರ್ ಹತ್ತಿರ ‘ನಾಲ್ಕನೇ ಪಂಪಿಗೆ 40 ಡಾಲರ್’ ಎಂದು ಕೊಟ್ಟರೆ ಕೆಲಸ ಆಗುತ್ತದೆ.

ಕಾರ್ಡ್ ಸಕ್ರಿಯ ಮಾಡಿಕೊಡುತ್ತೇವೆ, ನಂಬರ್ ಮತ್ತು ಪಿನ್ ಹೇಳಿ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಆ ಎರಡು ಸಂಖ್ಯೆ ಗೊತ್ತಾದವನಿಗೆ ಕಾರ್ಡೇ ಸಿಕ್ಕಂತೆ.

ಅಪ್ಪ ಅಮ್ಮ ಊರಿಗೆ ವಾಪಸಾಗುವಾಗ ಅವರ ಕೈಗೆ ಈ ಕಾರ್ಡ್ ಕೊಟ್ಟು ಕಳಿಸುವ ಯೋಚನೆ ಇದ್ದರೆ ಬಿಡಿ. ಅಮೆರಿಕದ ಅಮೆಜಾನ್ ಕಾರ್ಡ್ ಭಾರತದ ಅಮೆಜಾನ್‌ನಲ್ಲಿ ನಡೆಯುವುದಿಲ್ಲ. ಅಮೆರಿಕದ ರೆಸ್ಟೊರೆಂಟಿನ ಕಾರ್ಡು ಜಯನಗರದಲ್ಲಿ ಬರೀ ಪ್ಲಾಸ್ಟಿಕ್. ಅವರಿಗೆ ಬೇಕಾದ ಸ್ವೆಟರೋ ಬಿಪಿ ಮಿಷನ್ನೋ ಅದೇ ಕಾರ್ಡಿನಲ್ಲಿ ಅಮೆರಿಕದಲ್ಲೇ ಕೊಂಡು ಸೂಟ್‌ಕೇಸಿಗೆ ಹಾಕಿ, 23 ಕೆಜಿ ಮೀರದಂತೆ.